ಗಂಟು ಬಿಟ್ಟು ಅಳತೆ

"ಕಡಿಯದೇನೇ ಮರದ ತೂಕ ಕಂಡುಹಿಡಿಯೋದು ಹೇಗೆ?" ಶಾಲೆಯ ಅಂಗಳದ ಮರದಡಿ ನಿಂತು ವಿಜ್ಞಾನದ ಟೀಚರ್ ಕೇಳಿದರು.

"ಕಡಿದು ತೂಗಿ, ಆಮೇಲೆ ವಾಪಸ್ ನಿಲ್ಲಿಸೋದು ಮಿಸ್!"

"ಗೋಂದು ನಿಮ್ಮನೆಯಿಂದ ತರ್ತೀಯೇನೋ?"

ನಗು ಅಡಗಿದ ಮೇಲೆ ಎಲ್ಲರ ಕೈಗೂ ಒಂದೊಂದು ದಾರ ಬಂತು. ಮಣಿಕಟ್ಟಿನ ಸುತ್ತಳತೆಯ ಎರಡರಷ್ಟು ಕುತ್ತಿಗೆಯ ಸುತ್ತಳತೆ ಇರುತ್ತದೆ, ಅಳೆದು ನೋಡಿ ಎಂದರು ಟೀಚರ್. ಮಕ್ಕಳು ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ಅಳೆದರು; ಹೆಚ್ಚುಕಮ್ಮಿ ಎಲ್ಲರದೂ ತಾಳೆಯಾಯಿತು. "ನೋಡಿದ್ರಾ? ಒಂದು ಅಂಗ ಇನ್ನೊಂದರ ಗುಟ್ಟು ಹೇಳುತ್ತೆ. ಮರಾನೂ ಹಾಗೇ. ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ಸಿಕ್ಕಿದ್ರೆ ಇಡೀ ಮರ ಎಷ್ಟು ಭಾರ ಅಂತ ಅಂದಾಜು ಮಾಡಬಹುದು."

"ಈ ಮರಕ್ಕೆ ಸರಿಯಾಗಿ ಅಲ್ಲೇ ಗಂಟಿದೆಯಲ್ಲ ಮಿಸ್?" ಎಂದಳು, ತರಗತಿಯವರೆಲ್ಲ ತಕರಾರಮ್ಮ ಎಂದು ಕರೆಯುವ ಹುಡುಗಿ.

"ಗಂಟಿದ್ರೆ ಅದನ್ನ ಬಿಟ್ಟು ಸ್ವಲ್ಪ ಮೇಲೆ ಅಳೀಬೇಕು. ಇಲ್ಲದಿದ್ರೆ ಲೆಕ್ಕ ಕೆಡುತ್ತೆ."

"ಎಲ್ಲರ ಕುತ್ತಿಗೇನೂ ಅಳೆದಾಯ್ತು. ನಿಮ್ಮದು?" ಹುಡುಗಿ ಬಿಡಲಿಲ್ಲ.

ಟೀಚರ್ ಕೈ ತಾನಾಗಿಯೇ ಸ್ಕಾರ್ಫಿನ ಮೇಲೆ ಹೋಯಿತು. ಕೆಲವು ತಿಂಗಳಿಂದ ಸುಡುಬಿಸಿಲಲ್ಲೂ ಅದು ಅವರ ಕುತ್ತಿಗೆ ಬಿಟ್ಟಿರಲಿಲ್ಲ. ಗಂಡ ಡಾಕ್ಟರ ಮಾತೆತ್ತಿದಾಗಲೆಲ್ಲ ಪರೀಕ್ಷೆ, ಪೇಪರ್ ತಿದ್ದೋದು ಎಂದು ಸಬೂಬು ಹೇಳುತ್ತಿದ್ದರು. ಪೇಪರೂ ಅಲ್ಲ, ಪರೀಕ್ಷೆಯೂ ಅಲ್ಲ, ಭಯ. ಅಮ್ಮನನ್ನು ಕೊಂಡೊಯ್ದ ಕಾಯಿಲೆಯೂ ಕುತ್ತಿಗೆಯಿಂದಲೇ ಶುರುವಾಗಿತ್ತು.

ಮಕ್ಕಳು ಬಿಡಬೇಕಲ್ಲ, "ಮಿಸ್, ಮಿಸ್" ಎಂದು ಗಂಟುಬಿದ್ದರು. ಇಷ್ಟು ಚಿಕ್ಕದು ಇವರ ಕಣ್ಣಿಗೆಲ್ಲಿ ಕಾಣುತ್ತದೆ ಎಂದುಕೊಂಡು ಟೀಚರ್ ಸ್ಕಾರ್ಫ್ ಸಡಿಲಿಸಿ ಬಗ್ಗಿದರು. ತಕರಾರಮ್ಮ ಅವರ ಮಣಿಕಟ್ಟಿಗೆ ಎರಡು ಸುತ್ತು ದಾರ ಸುತ್ತಿ, ಅಷ್ಟನ್ನೇ ಕತ್ತರಿಸಿ, ಕುತ್ತಿಗೆಗೆ ಹಿಡಿದಳು. ಎಷ್ಟು ಎಳೆದರೂ ತುದಿಗಳು ಕೂಡಲಿಲ್ಲ. ನಡುವೆ ಎರಡು ಬೆರಳಿನ ಜಾಗ ಉಳಿಯಿತು.

"ತಪ್ಪಾಗಿ ಕತ್ತರಿಸಿದೀಯ ಕಣೇ," ಎಂದು ಯಾರೋ ರೇಗಿಸಿದರು.

ಹುಡುಗಿ ದಾರ ತೆಗೆದು, ಇನ್ನೂ ಹತ್ತಿರ ಬಂದು ನೋಡಿದಳು. ಅವಳ ದನಿಯಲ್ಲಿ ತಕರಾರೇನೂ ಇರಲಿಲ್ಲ.

"ಇಲ್ಲೂ ಗಂಟಿದೆ ಮಿಸ್. ಬಿಟ್ಟು ಮೇಲೆ ಅಳೀಲಾ?"

ಗಂಟೆ ಹೊಡೆಯಿತು. ಮಕ್ಕಳು ಓಡಿಹೋದ ಮೇಲೂ ಟೀಚರ್ ಮರದ ಗಂಟಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಆಮೇಲೆ ಗಂಡನಿಗೆ ಫೋನ್ ಮಾಡಿದರು.

"ರೀ, ಇವತ್ತೇ ಡಾಕ್ಟರ ಹತ್ರ ಹೋಗೋಣ."

"ಇದ್ದಕ್ಕಿದ್ದ ಹಾಗೆ ಏನಾಯ್ತು?"

"ಏನಿಲ್ಲ. ಗಂಟು ಬಿಟ್ಟು ಅಳೆದಿದ್ದು ಸಾಕು."