ಅಲ್ಲಾಡಿಸಿದರೆ ಸದ್ದಾಗಬಾರದು

ವಾಸುದೇವರಾಯರು ಬಂದೂಕಿನ ತೋಟಾವನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮುಖ ಅರಳಿತು. "ಒಂದ ಸಲ ಒತ್ತಿದ್ದಕ್ಕ ಗಪ್ಪಾತು ನೋಡ್ರಿ! ಹೋದ ವರ್ಷ ಮೂರು ಸಲ ಒತ್ತಿದ್ದೆ. ವಯಸ್ಸಾದಂಗ ಕೈ ಪಳಗತೈತಿ ಅಂದ್ರ ಇದ."

ಕೈ ಪಳಗಿರಲಿಲ್ಲ, ಕಿವಿ ಮಂದವಾಗಿತ್ತು. ಗೋಡೆಯ ಪಕ್ಕದ ಬೆಂಚಿನ ಮೇಲೆ ಮಜ್ಜಿಗೆಯ ಗ್ಲಾಸು ಹಿಡಿದು ಕೂತಿದ್ದ ಹೆಂಡತಿ ಸುಂದರಾಬಾಯಿಗೆ ತೋಟಾದೊಳಗೆ ಮದ್ದು ಸರಸರ ಅನ್ನುವುದು ಅಷ್ಟು ದೂರದಿಂದಲೇ ಕೇಳಿಸಿತ್ತು. ರಾಯರು ಗಟ್ಟಿಯಾಗಿ ಆಡಿದ ಮಾತನ್ನು ತುಟಿ ನೋಡಿ ಹೇಗೋ ನಿಭಾಯಿಸುತ್ತಾರೆ. ಕಿವಿ ಡಾಕ್ಟರ ಹೆಸರೆತ್ತಿದರೆ ಮಾತ್ರ ಮೈಮೇಲೆ ಬರುತ್ತಾರೆ.

ಗಚ್ಚಿಬೌಲಿಯ ರೈಫಲ್ ಕ್ಲಬ್ಬಿನಲ್ಲಿ ಖಂಡೇನವಮಿಯ ದಿನ ಬಂದೂಕುಗಳಿಗೆಲ್ಲ ಚೆಂಡುಹೂ ಮುಡಿಸಿ ಪೂಜೆ ಮಾಡಿ, ಅತಿ ಹಳೆಯ ರೈಫಲ್ಲಿನಿಂದ ಮೊದಲ ಗುಂಡು ಹಾರಿಸುವುದು ಪದ್ಧತಿ. ಅದರ ತೋಟಾ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಿಂದಲೇ ತುಂಬಬೇಕು. ಕರಿಮದ್ದು ಸುರಿದು, ಮೇಲೆ ರಟ್ಟಿನ ಬಿಲ್ಲೆ ಇಟ್ಟು, ಒತ್ತುವ ಯಂತ್ರದ ಹಿಡಿ ಎಳೆದು ಒತ್ತಿ, ಅಲ್ಲಾಡಿಸಿ ನೋಡಿ, ಸದ್ದಿಲ್ಲ ಅಂದರೆ ಗುಂಡು ಕೂರಿಸಬೇಕು. ಒಳಗೆ ಗಾಳಿಗೆ ಜಾಗ ಉಳಿದರೆ ನಳಿಗೆಯೇ ಸೀಳೀತು. ಆ ಕೆಲಸವೂ ಮೊದಲ ಗುಂಡೂ ನೀರಾವರಿ ಇಲಾಖೆಯಿಂದ ನಿವೃತ್ತರಾದ ರಾಯರವು. ಅವರ ತಾರ್ನಾಕದ ಮನೆಯಲ್ಲಿ ದಸರೆಗೆ ತಿಂಗಳಿರುವಾಗಲೇ ಅದೇ ಮಾತು.

ಸುಂದರಾಬಾಯಿ ಬಾಯಿ ಬಿಟ್ಟರೆ ಕೆಟ್ಟಿತು. ಗುಂಡು ಹಾರಿಸುವ ಆರ್ಡರ್ ಕೇಳಿಸದವರು ಬಂದೂಕು ಮುಟ್ಟುವಂತಿಲ್ಲ ಎಂದು ಗೋಡೆಯ ಮೇಲೇ ಬರೆದಿತ್ತು. ರೇಂಜ್ ನೋಡಿಕೊಂಡು ಆ ಆರ್ಡರ್ ಕೊಡುವ ಧನಶ್ರೀ, ಬೀದರ ಕಡೆಯ ಹುಡುಗಿ, ಎದುರಿಗೇ ನಿಂತಿದ್ದಳು. ಬಾಯಿ ಬಿಡದಿದ್ದರೆ ಗಂಡನ ಕೆನ್ನೆಯ ಹತ್ತಿರವೇ ಆ ತೋಟಾ ಸಿಡಿಯುತ್ತದೆ. ಸುಂದರಾಬಾಯಿ ಗ್ಲಾಸು ಹಿಡಿದೇ ಎದ್ದು ಬಂದರು.

"ಕೊಡ್ರಿ ಇಲ್ಲೆ, ನಾನೂ ಒಮ್ಮೆ ನೋಡ್ತೀನಿ."

ತೋಟಾ ಕೈಗೆ ಬಂದದ್ದಷ್ಟೇ ತಡ, ಬುಳಕ್ಕನೆ ಮಜ್ಜಿಗೆಯಲ್ಲಿ ಮುಳುಗಿತು.

"ಏ, ಏನ ಮಾಡಿದಿ ಮಾರಾಯ್ತಿ!"

"ಕೈ ಜಾರಿತ್ರಿ," ಎಂದರು ಸುಂದರಾಬಾಯಿ, ಕಣ್ಣು ಮಿಟುಕಿಸದೆ.

ಧನಶ್ರೀ ಅದನ್ನು ಎತ್ತಿದಳು. ಮೈಗೆ ಕರಿಬೇವು ಅಂಟಿತ್ತು. "ಒಗ್ಗರಣಿ ಹಾಕಿದ ತೋಟಾ ಬ್ಯಾಡ ಕಾಕಾ, ಬ್ಯಾರೆ ತುಂಬ್ರಿ," ಎಂದು ನಕ್ಕಳು.

ಈ ಸಲ ಸುಂದರಾಬಾಯಿ ಮೇಜು ಬಿಟ್ಟು ಕದಲಲಿಲ್ಲ. ರಾಯರು ಒತ್ತಿದರು. ಹೆಂಡತಿ ಇಸಿದುಕೊಂಡು ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿ, "ಆಗಿಲ್ರಿ, ಇನ್ನೂ ಒತ್ರಿ," ಎಂದರು. ರಾಯರು ಮತ್ತೆ ಒತ್ತಿದರು. "ಇನ್ನೊಂಚೂರು." ಮೂರನೆಯ ಸಲಕ್ಕೆ ಸುಂದರಾಬಾಯಿ ಸಾಕೆಂದು ತಲೆಯಾಡಿಸಿದರು. ರಾಯರ ಮುಖ ಸಣ್ಣದಾಯಿತು.

"ಸುಂದರಾ, ಮೊದಲಿಂದು ಸದ್ದು ಮಾಡಾಕತ್ತಿತ್ತೇನು?" ಎಂದು ಪಿಸುಗುಟ್ಟಿದರು. ಕಿವಿ ಮಂದವಾದವರ ಪಿಸುಮಾತು ಪಕ್ಕದ ಓಣಿಗೂ ಕೇಳುತ್ತದೆ, ಧನಶ್ರೀಗೆ ಕೇಳದೆ ಇದ್ದೀತೇ? ಅವಳು ತಿರುಗಿ ನೋಡಿದ್ದು ಕಂಡು ರಾಯರು ತೋಟಾವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಈ ಸಲ ಬ್ಯಾರೆಯವರು ಹಾರಸ್ಲಿ ಬಿಡವಾ." ಧನಶ್ರೀ ಹತ್ತಿರ ಬಂದಳು.

"ಕಾಕಾ, ಹೋದ ವರ್ಷ ಆರ್ಡರ್ ಕೊಡುವಾಗ ನಾ ಕೆಂಪು ಬಾವುಟ ಯಾಕ ಬೀಸಿದ್ದೆ ಅಂದ್ಕೊಂಡೀರಿ?"

"ಹಬ್ಬದ ಸಲುವಾಗಿ."

"ನಿಮ್ಮ ಸಲುವಾಗಿ, ಕೇಳದಿದ್ರೂ ಕಾಣಲಿ ಅಂತ. ಆದ್ರ ಮದ್ದು ಒತ್ತಾಕೂ ಕಿವಿ ಬೇಕಂತ ನನಗ ಹೊಳೀಲಿಲ್ಲ." ಧನಶ್ರೀ ತೋಟಾವನ್ನು ಅವರ ಕೈಗೇ ಕೊಟ್ಟಳು. "ಇವತ್ತ ಕಾಕೂ ನಿಮ್ಮ ಮಗ್ಗುಲಾಗ ನಿಂದ್ರಲಿ. ಹೆಗಲ ತಟ್ಟಿದ್ರ ಹಾರಸ್ರಿ, ತಟ್ಟದಿದ್ರ ಇಲ್ಲ. ಹಬ್ಬ ಮುಗದ ಮ್ಯಾಲೆ ಕಿವಿ ಡಾಕ್ಟರ್ ಕಡೆ ಹೋಗಬೇಕು. ಒಪ್ಪಿಗಿ ಐತೇನ್ರಿ?"

ರಾಯರು ಚೆಂಡುಹೂ ಮುಡಿದ ರೈಫಲ್ಲನ್ನು ನೋಡಿದರು. "ಹೂಂ" ಅಂದುಬಿಟ್ಟರು. ಎರಡು ವರ್ಷದಿಂದ ಸುಂದರಾಬಾಯಿ ಬೇಡಿಕೊಂಡರೂ ಬಾರದ ಹೂಂ ಅದು!

ರಾಯರು ಗುಂಡು ಕೂರಿಸಿ ತೋಟಾವನ್ನು ರೈಫಲ್ಲಿಗೆ ಹಾಕುವಷ್ಟರಲ್ಲಿ ಕ್ಲಬ್ಬಿನವರೆಲ್ಲ ಸೇರಿದರು. ಧನಶ್ರೀ ಕೂಗಿದಳು, ಸುಂದರಾಬಾಯಿ ಹೆಗಲು ತಟ್ಟಿದರು. ಢಮ್ಮೆಂದು ಬಿಳಿ ಹೊಗೆ ಎದ್ದಿತು, ದೂರದ ಹಲಗೆಗೆ ತೂತು ಬಿತ್ತು. ರಾಯರು ಬಂದೂಕು ಇಳಿಸಿದವರೇ ಹೆಂಡತಿಯ ಕಡೆ ತಿರುಗಿ, ಎಲ್ಲರೆದುರಿಗೇ ಗಟ್ಟಿಯಾಗಿ ಕೇಳಿದರು: "ಹೆಂಗಿತ್ತ ಆವಾಜು?"

"ಭಾಳ ಛಂದ ಇತ್ರಿ."

ಗುಂಡಿನ ಸದ್ದಿಗೆಂದು ಹಾಕಿಕೊಂಡಿದ್ದ ಕಿವಿಮುಚ್ಚಿಗೆ ತೆಗೆಯುತ್ತಿದ್ದ ಧನಶ್ರೀ ಗಾಬರಿಯಾದಳು. "ಕಾಕೂ, ನಿಮಗೂ ಒಂದು ಕೊಟ್ಟಿದ್ನಲ್ರಿ, ಹಾಕ್ಕೊಳ್ಳಲಿಲ್ಲೇನು?"

"ಇಬ್ಬರಾಗ ಒಬ್ಬರಿಗಾದ್ರೂ ಕೇಳಬೇಕಲ್ಲ ತಂಗಿ," ಎಂದು ಸುಂದರಾಬಾಯಿ ಗುಂಯ್ ಅನ್ನುತ್ತಿದ್ದ ಕಿವಿಯನ್ನು ತಿಕ್ಕಿಕೊಂಡರು.