ಮೂರಾಳು ಆಳದ ದೋಣಿ

ಹಗ್ಗದ ಕೊಕ್ಕೆಯನ್ನು ಮುಳುಗಿದ ದೋಣಿಗೆ ಸಿಕ್ಕಿಸಲು ಹೋದ ಹೈದರಸಾಬನ ಕೈ ಅರ್ಧಕ್ಕೇ ನಿಂತಿತು. ಮುನಿರಾಬಾದಿನ ಜಲಾಶಯದ ಗೇಟು ನೋಡಲು ಬಂದಿದ್ದ ಮುಳುಗುಗಾರನೊಬ್ಬ ಅವನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ತಾನೂ ಜೊತೆಗೆ ಇಳಿದಿದ್ದ. ಎರಡು ವರ್ಷದ ಹಿಂದೆ, ಎಂಬತ್ತೊಂದರ ಬಿರುಗಾಳಿಗೆ ಮಗುಚಿದ, ಜನರನ್ನು ದಾಟಿಸುತ್ತಿದ್ದ ಅವನದೇ ದೋಣಿ ಅದು. ಮಂದಿಯೆಲ್ಲ ಉಳಿದಿದ್ದರು, ದೋಣಿ ಉಳಿದಿರಲಿಲ್ಲ. ಇವತ್ತು ಅದು ಮೇಲೆ ಬಂದರೆ ಅವನು ಮತ್ತೆ ದೋಣಿಯವ. ಬರದಿದ್ದರೆ ನಾಳೆಯೂ ಭಾವನ ಇಟ್ಟಿಗೆ ಭಟ್ಟಿಯೇ ಗತಿ.

ಹಲಗೆಗಳ ಮೇಲೆ ಪಾಚಿ ಜಮಖಾನೆಯಂತೆ ಹಾಸಿತ್ತು. ಹೆಂಗಸರು ಕೂರುತ್ತಿದ್ದ ಮಗ್ಗುಲಲ್ಲಿ ಬೆಳ್ಳಿಯಂಥ ಮೀನುಗಳು ಒತ್ತೊತ್ತಾಗಿ ನಿಂತಿದ್ದವು. ಹುಟ್ಟು ಹಾಕುತ್ತ ತಾನು ಕೂರುತ್ತಿದ್ದ ಜಾಗದಲ್ಲೇ ಮುದಿ ಬಾಳೆಮೀನೊಂದು ಮೀಸೆ ಆಡಿಸುತ್ತ ಅವನನ್ನು ದಿಟ್ಟಿಸಿತು. ಅವನು ಬೆರಳು ಚಾಚಿದ. ಮರಿಗಳು ಮುತ್ತಿ ಕಚಗುಳಿ ಇಟ್ಟವು. ಅವನಿಗೆ ನಗು ತಡೆಯಲಿಲ್ಲ. ಗಾಳಿಯ ನಳಿಕೆ ಜಾರಿ ಬಾಯಿಗೆ ನೀರು ನುಗ್ಗಿತು.

ಕೆಮ್ಮುತ್ತ ದಂಡೆಗೆ ಬಂದಾಗಲೂ ಕೊಕ್ಕೆ ಕೈಯಲ್ಲೇ ಇತ್ತು. ಹಗ್ಗ ಎಳೆಯಲು ಎತ್ತು ಹೂಡಿ ಕಾದಿದ್ದ ಗೆಳೆಯ ಪಂಪಣ್ಣ ರೇಗಿದ: “ಕಟ್ಟಲಿಲ್ಲೇನಲೇ? ಮುಂಜಾನಿಂದ ನಿಂತೀನಿ!”

“ದೋಣಿ ತುಂಬೈತೋ ಪಂಪಣ್ಣ. ಕುಂತೋರನ್ನ ನಾ ಯಾವತ್ತರ ಇಳಿಸೀನೇನು?”

“ಹಂಗಾರ ನಾಳಿ ಭಟ್ಟಿಗೆ ಹೋಗ್ತೀರೇನ್ರಿ?” ಹೆಂಡತಿ ಗೌಸಬೀ ಕೇಳಿದಳು.

“ಹೋಗ್ತೀನಿ. ಹೊಸಾ ದೋಣಿ ಆಗೂತನಕ.”

ಎರಡು ವರ್ಷದಿಂದ ಕಾಣದಿದ್ದ ನಗು ಅವನ ಮುಖದ ಮೇಲಿತ್ತು. ಗೌಸಬೀ ಹೋಗಿ ಎತ್ತುಗಳ ಕೊರಳಿನ ಹಗ್ಗ ಬಿಚ್ಚಿದಳು.