ಅಪ್ಪ ಹಾಡುತ್ತಿದ್ದ ಬಾರ್

ಹುರಿದ ಕಡಲೆಬೀಜಕ್ಕೆ ನಿಂಬೆಹಣ್ಣು ಹಿಂಡಿದ ವಾಸನೆ ಬಂದರೆ ಇವತ್ತಿಗೂ ನನಗೆ ಜನ್ನಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿದ್ದ ಬಾರನ್ನು ಅವತ್ತು ಮುಚ್ಚುತ್ತಿದ್ದರು. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ, ಶಿಫ್ಟ್ ಮುಗಿಸಿ ಅಲ್ಲಿಗೆ ಬರುವವರೇ ಇಲ್ಲವಾಗಿದ್ದರು. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಆ ಬಾರಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ ಅಮ್ಮ, ಒಂಬತ್ತು ವರ್ಷದ ನನ್ನ ಕೈ ಹಿಡಿದು ನೇರ ಒಳಗೆ ನಡೆದಳು.

ಒಳಗೆ ತಂಪು, ಅರೆಗತ್ತಲು. ಹಸಿರು ಗಾಜಿನ ಕಿಟಕಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಕೊಳದ ನೀರಿನ ಹಾಗೆ ಅಲುಗುತ್ತಿತ್ತು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಮಾಲೀಕ ಸೆಲ್ವಣ್ಣ ನಮ್ಮನ್ನು ನೋಡಿ ಗಾಬರಿಯಾದ.

"ಅವ್ರು ಎಲ್ಲಿ ಕೂರ್ತಿದ್ರು?" ಅಮ್ಮ ಕೇಳಿದಳು.

ಕಿಟಕಿ ಪಕ್ಕದ ಕುರ್ಚಿಯನ್ನು ಅವನು ಹೆಗಲ ಟವೆಲ್ಲಿನಿಂದ ಒರೆಸಿ ಕೊಟ್ಟ. ಅಮ್ಮ ಕೂತಳು. ನನ್ನ ಮುಂದೆ ಒಂದು ತಟ್ಟೆ ಕಡಲೆಬೀಜ ಬಂತು.

"ಕುಡಿದಿದ್ದು ಕಮ್ಮಿ ಅಕ್ಕ, ಹಾಡಿದ್ದೇ ಜಾಸ್ತಿ," ಎಂದ ಸೆಲ್ವಣ್ಣ.

"ಹಾಡ್ತಿದ್ರಾ?" ಅಮ್ಮನ ದನಿ ಸಣ್ಣದಾಯಿತು. "ಮನೇಲಿ ಒಂದಿನಾನೂ ಹಾಡಿಲ್ವಲ್ಲ."

"ನಿಮ್ಮೆದುರು ಹಾಡಕ್ಕೆ ನಾಚಿಕೆ ಅಂತಿದ್ರು."

"ಯಾವ ಹಾಡು?"

"ಪದ ಮರ್ತೋಗಿದೆ ಅಕ್ಕ. ರಾಗ ಮಾತ್ರ ನೆನಪಿದೆ."

ಸೆಲ್ವಣ್ಣ ಕಣ್ಣು ಮುಚ್ಚಿ ಗುನುಗಿದ. ಅಮ್ಮ ಮೇಜಿನ ಮೇಲೆ ಅಂಗೈ ಊರಿ ಕೇಳುತ್ತ ಕೂತಳು. ಅವನು ನಿಲ್ಲಿಸಿದಾಗ, ಕುರ್ಚಿಗಳನ್ನು ಒಯ್ಯಲು ಬಂದ ಗಾಡಿಯವನು ಬಾಗಿಲಲ್ಲಿ ಕಾಯುತ್ತಿದ್ದ. ಅಮ್ಮ ಏಳಲಿಲ್ಲ.

"ಇನ್ನೊಂದ್ಸಲ ಹೇಳಿ, ಅಣ್ಣ," ಎಂದಳು.